ಇಪ್ಪತ್ತಾರು ಡಿಗ್ರಿಯ ಕೋಣೆ

ಜನವರಿ 19, 2024, ಶುಕ್ರವಾರ

ಮಗಳು ಅನುಶ್ರೀ ಈ ಡೈರಿ ಕೊಟ್ಟಿದ್ದು ಅವಳ ಅಪ್ಪನ ಮೈ ಎಷ್ಟು ಬಿಸಿ ಇತ್ತು ಎಂದು ದಿನಾ ಬರೆದಿಡಲು. ಬೆಳಿಗ್ಗೆ ತೊಂಬತ್ತೇಳು. ಬರೆದಾಯಿತು. ಪುಟದಲ್ಲಿ ಇನ್ನೂ ಬೇಕಾದಷ್ಟು ಜಾಗ ಉಳಿದಿದೆ. ನನ್ನ ಹೊಟ್ಟೆಯೊಳಗೂ ಬೇಕಾದಷ್ಟು ಉಳಿದಿದೆ. ಅಂಗನವಾಡಿಯಲ್ಲಿ ಇಷ್ಟು ವರ್ಷ ಊರ ಮಕ್ಕಳ ತೂಕ ಬರೆದ ಕೈ ಇದು, ಸುಮ್ಮನಿರು ಎಂದರೆ ಇರುವುದಿಲ್ಲ.

ಇವರು ಬಿದ್ದದ್ದು ಸೆಪ್ಟೆಂಬರಿನಲ್ಲಿ. ಕುತ್ತಿಗೆಯ ಮೂಳೆ ಹೋಯಿತು. ಮಾತಿದೆ, ತಲೆ ಆ ಕಡೆ ಈ ಕಡೆ ತಿರುಗುತ್ತದೆ, ತೋಳು ಒಂದಿಷ್ಟು ಏಳುತ್ತದೆ. ಉಳಿದದ್ದೆಲ್ಲ ಮಂಚದ ಪಾಲು. ಮೈಸೂರಿನ ಡಾಕ್ಟರು ಹೇಳಿದ ಇನ್ನೊಂದು ಸಂಗತಿ ನನಗೆ ಮೊದಲು ಅರ್ಥವೇ ಆಗಲಿಲ್ಲ. ಇವರ ಮೈ ಇನ್ನು ಬೆವರುವುದಿಲ್ಲವಂತೆ, ನಡುಗುವುದೂ ಇಲ್ಲವಂತೆ. ಚಳಿಯಲ್ಲಿ ಬಿಟ್ಟರೆ ತಣ್ಣಗಾಗುತ್ತಲೇ ಹೋಗುತ್ತದೆ, ಸೆಕೆಯಲ್ಲಿ ಬಿಟ್ಟರೆ ಕಾಯುತ್ತಲೇ ಹೋಗುತ್ತದೆ. "ಮೈ ಮಾಡಬೇಕಾದ ಕೆಲಸವನ್ನ ಇನ್ಮೇಲೆ ಕೋಣೆ ಮಾಡ್ಬೇಕಮ್ಮ" ಎಂದರು. ಅದಕ್ಕೇ ಕೃಷ್ಣರಾಜನಗರದಿಂದ ಮಗಳು ಅಳಿಯ ಬಂದು ಈ ಎಸಿ ಹಾಕಿಸಿದ್ದು, ಚಳಿಗೆ ಬಿಸಿ ಗಾಳಿ, ಸೆಕೆಗೆ ತಣ್ಣನೆ ಗಾಳಿ ಎರಡೂ ಬರುವಂಥದ್ದು. ಇಪ್ಪತ್ತಾರಕ್ಕೆ ಇಟ್ಟು ಮುಟ್ಟಬೇಡ ಎಂದಿದ್ದಾರೆ.

ಬ್ಯಾರನ್ ಮನೆಯ ಬಾಗಿಲಿಗೆ ಅಂಗೈ ಇಟ್ಟೇ ಒಳಗೆ ಹೊಗೆಸೊಪ್ಪು ಎಷ್ಟು ಕಾವಿನಲ್ಲಿ ಒಣಗುತ್ತಿದೆ ಎಂದು ಹೇಳುತ್ತಿದ್ದ ಮನುಷ್ಯ. ಬೆಟ್ಟದಪುರದ ಸುತ್ತಮುತ್ತ ಯಾರ ಬ್ಯಾರನ್ ಕೈಕೊಟ್ಟರೂ ದೇವರಾಜಣ್ಣನನ್ನು ಕರೀರಿ ಎನ್ನುತ್ತಿದ್ದರು. ಈಗ ತನ್ನ ಮೈ ಬಿಸಿ ತನಗೆ ತಿಳಿಯುವುದಿಲ್ಲ. ನಾನು ಕಂಕುಳಿಗೆ ಥರ್ಮಾಮೀಟರ್ ಇಟ್ಟು ಹೇಳಬೇಕು.

ಜನವರಿ 21, ಭಾನುವಾರ

ತೊಂಬತ್ತೆಂಟು.

ಅವನು ಬಂದಿದ್ದ. ಇವರ ತಮ್ಮ. ಭಾನುವಾರ ಬಿಟ್ಟು ಭಾನುವಾರ ಬರುತ್ತಾನೆ, ಎಸಿಯ ಫಿಲ್ಟರ್ ತೊಳೆಯಲು. ಕರೆದವರು ಯಾರೂ ಇಲ್ಲ. ಎಸಿ ಹಾಕಿದ ದಿನ ಮೆಕ್ಯಾನಿಕ್ ವಸಂತ್, ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆಯದಿದ್ದರೆ ಗಾಳಿ ಕಟ್ಟಿಕೊಳ್ಳುತ್ತದೆ ಎಂದದ್ದನ್ನು ಬೇಲಿಯಾಚೆಯಿಂದ ಕೇಳಿಸಿಕೊಂಡಿದ್ದನಂತೆ. ಅವನನ್ನು ಒಳಗೆ ಬಿಡುವುದಿಲ್ಲ. ಫಿಲ್ಟರನ್ನು ನಾನೇ ಬಿಚ್ಚಿ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಇಟ್ಟು ಬಾಗಿಲು ಹಾಕಿಕೊಳ್ಳುತ್ತೇನೆ. ತೊಳೆದು, ನೆರಳಲ್ಲಿ ಒಣಗಿಸಿ, ಅಲ್ಲೇ ಇಟ್ಟು ಹೋಗುತ್ತಾನೆ. ಬಾಯಿ ತೊಳೆಯಲು ನೀರು ಕೂಡ ಕೇಳುವುದಿಲ್ಲ. ಕೇಳಿದರೆ ಕೊಡುವವಳೂ ಅಲ್ಲ.

ಇವರು ಬಿದ್ದದ್ದು ಅವನ ಬ್ಯಾರನ್ನಿನಲ್ಲಿ. ಮುಯ್ಯಾಳಾಗಿ ಹೋಗಿದ್ದರು. ಇವತ್ತು ನಮ್ಮ ಬ್ಯಾರನ್ ತುಂಬಲು ನೀವು ಬನ್ನಿ, ನಾಳೆ ನಿಮ್ಮದಕ್ಕೆ ನಾವು ಬರುತ್ತೇವೆ, ಹಾಗೆ. ಮೇಲಿನ ಅಂತಸ್ತಿನ ಗಳಗಳ ಮೇಲೆ ಕಾಲಿಟ್ಟು ನಿಂತು ಸೊಪ್ಪಿನ ಕಡ್ಡಿಗಳನ್ನು ತೂಗುಹಾಕುತ್ತಿದ್ದರು. ಗೆದ್ದಲು ತಿಂದ ಗಳ. ಮುರಿಯಿತು. ಎರಡಾಳೆತ್ತರಕ್ಕೂ ಮೇಲಿಂದ ಬಂದು ಕೆಳಗಿನ ಕಬ್ಬಿಣದ ಕೊಳವೆಯ ಮೇಲೆ ಬಿದ್ದರು. ಅದೇ ವರ್ಷ ನಮ್ಮ ಬ್ಯಾರನ್ನಿಗೆ ಇವರು ಹೊಸ ಸರ್ವೆ ಗಳಗಳನ್ನು ಕಟ್ಟಿದ್ದರು. ಇವರ ಕೆಲಸವೆಂದರೆ ಹಾಗೆ, ಅಚ್ಚುಕಟ್ಟು. ಅವನಿಗೆ ನಾಲ್ಕು ಗಳ ಬದಲಾಯಿಸಲು ಕೈ ಬರಲಿಲ್ಲ. ಜೀನ.

ಇದನ್ನು ನಾನು ಮುಚ್ಚಿಟ್ಟಿಲ್ಲ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಹೇಳಿದ್ದೇನೆ, ಮದುವೆ ಮನೆಯಲ್ಲಿ ಹೇಳಿದ್ದೇನೆ. ಆಮೇಲೆ ಅವನ ಬ್ಯಾರನ್ನಿಗೆ ಊರಲ್ಲಿ ಒಬ್ಬರೂ ಮುಯ್ಯಾಳು ಹೋಗಲಿಲ್ಲ. ಅರ್ಧ ಸೊಪ್ಪು ಹೊಲದಲ್ಲೇ ಹಣ್ಣಾಗಿ ಉದುರಿತು. ನೋಡಿ ಸಂತೋಷವಾಯಿತು ಎಂದು ಬರೆಯಲು ನನಗೆ ನಾಚಿಕೆ ಇಲ್ಲ.

ಇವರಿಗೂ ಅವನೆಂದರೆ ಆಗದು. ಹಿತ್ತಿಲಲ್ಲಿ ಅವನ ಸದ್ದು ಕೇಳಿದರೆ ಸಾಕು, ಗೋಡೆ ಕಡೆ ಮುಖ ತಿರುಗಿಸುತ್ತಾರೆ.

ಫೆಬ್ರವರಿ 13, ಮಂಗಳವಾರ

ತೊಂಬತ್ತೆಂಟು. ಬೆನ್ನು ಒರೆಸಿ ಮಗ್ಗುಲು ಬದಲಾಯಿಸಿದೆ. ಗಂಜಿ. ಮತ್ತೆ ಮಗ್ಗುಲು. ಬೇರೆ ಏನಿದೆ ಬರೆಯಲು.

ಮಾರ್ಚ್ 8, ಶುಕ್ರವಾರ, ಶಿವರಾತ್ರಿ

ಶಿವರಾತ್ರಿಗೆ ಚಳಿ ಹೋಗುತ್ತದೆ ಎನ್ನುತ್ತಾರೆ, ಈ ಸಲ ಅದಕ್ಕೂ ಮೊದಲೇ ಓಡಿಹೋಯಿತು. ಪಿರಿಯಾಪಟ್ಟಣದಿಂದ ವಸಂತ್ ಬಂದು ಎಸಿ ಸರ್ವೀಸ್ ಮಾಡಿ, ಬಿಸಿಯಿಂದ ತಂಪಿಗೆ ತಿರುಗಿಸಿಕೊಟ್ಟ. ಹಿತ್ತಿಲ ಗೋಡೆಗೆ ಕೂರಿಸಿರುವ ಹೊರಗಿನ ಪೆಟ್ಟಿಗೆಗೆ ಬಿಸಿಲು ಬೀಳುತ್ತಿರುವುದನ್ನು ನೋಡಿ, "ಮೇಲೊಂದು ನೆರಳು ಮಾಡ್ಸಿ ಅಮ್ಮಾ. ಆದ್ರೆ ಸುತ್ತ ಗಾಳಿ ಆಡ್ಬೇಕು, ಇದು ಉಸಿರಾಡೋ ಪೆಟ್ಗೆ ಕಣಮ್ಮ" ಎಂದ.

ನಮ್ಮ ಬ್ಯಾರನ್ನನ್ನು ನಾನು ದೀಪಾವಳಿಗೆ ಮುಂಚೆಯೇ ಕಳಚಿಸಿದ್ದೆ. ಹೆಂಚು, ಕೊಳವೆ ಎಲ್ಲ ಮಾರಿದೆ. ಎದ್ದರೆ ಕೂತರೆ ಅದನ್ನು ನೋಡಿಕೊಂಡಿರಲು ನನ್ನಿಂದಾಗಲಿಲ್ಲ. ಹೊಸ ಗಳಗಳು ಮಾತ್ರ ಹಿತ್ತಿಲಲ್ಲಿ ಬಿದ್ದಿದ್ದವು. ಅವುಗಳಿಂದಲೇ ಪೆಟ್ಟಿಗೆಯ ಮೇಲೆ ಚಪ್ಪರ ಹಾಕಿಸಿದೆ. ಎಂಥ ಗಳಗಳು! ಕೈಯಾಡಿಸಿದರೆ ಒಂದು ಗಂಟು ತಾಕುವುದಿಲ್ಲ.

ಮಾರ್ಚ್ 17, ಭಾನುವಾರ

ತೊಂಬತ್ತೊಂಬತ್ತು.

ಫಿಲ್ಟರಿನಲ್ಲಿ ಇಷ್ಟು ಮಣ್ಣು. ಊರೆಲ್ಲ ಉಳುತ್ತಿದ್ದಾರೆ. ಅವನು ತೊಳೆದು ಒಣಗಲು ಇಟ್ಟು, ಚಪ್ಪರದ ಗಳವೊಂದನ್ನು ಹಿಡಿದುಕೊಂಡು ನಿಂತೇ ಇದ್ದ. ಕೆಳಗಿನಿಂದ ಮೇಲಕ್ಕೆ ಕೈ ಆಡಿಸಿದ. ಕಿಟಕಿಯಿಂದ ನೋಡಿದೆ. ಹೊಟ್ಟೆಕಿಚ್ಚು, ಇನ್ನೇನು.

ಇವತ್ತು ಅವನ ಕಾಲಿಗೆ ಚಪ್ಪಲಿ ಇರಲಿಲ್ಲ. ಹಿತ್ತಿಲ ನೆಲ ಕಾದ ಹೆಂಚಾಗಿತ್ತು. ಒಂದು ಚೊಂಬು ನೀರನ್ನು ಕಲ್ಲಿನ ಮೇಲೆ ಇಟ್ಟೆ. ಕುಡಿದನೋ ಕಾಲಿಗೆ ಹುಯ್ದುಕೊಂಡನೋ ನೋಡಲಿಲ್ಲ. ಚೊಂಬು ಬೋರಲಾಗಿತ್ತು.

ಏಪ್ರಿಲ್ 9, ಮಂಗಳವಾರ, ಯುಗಾದಿ

ಹೊಸ ಬಟ್ಟೆ ಇಲ್ಲ. ಇವರಿಗೆ ಹಳೆಯ ಪಂಚೆಯನ್ನೇ ಗಂಜಿ ಹಾಕಿ ಹೊದಿಸಿದೆ. ನಟರಾಜು ಬಂದಿದ್ದ, ಅಣ್ಣನ ಕಾಲಿಗೆ ಬೀಳಲು. ಬಾಗಿಲಲ್ಲೇ ನಿಂತು, "ಅತ್ಗೆ, ಅಣ್ಣ ಎಚ್ಚರಾಗವ್ನಾ?" ಎಂದ. ಒಳಗೆ ನೋಡಿದರೆ ಇವರು ಆಗಲೇ ಗೋಡೆ ಕಡೆ ತಿರುಗಿದ್ದರು. "ಮಲಗವ್ರೆ" ಎಂದೆ. ಹೊಸ್ತಿಲಿಗೇ ಕೈಮುಗಿದ. ಬೇವು ಬೆಲ್ಲ ಕೊಟ್ಟೆ. ಬೇವನ್ನೇ ಹೆಚ್ಚಾಗಿ ಹಾಕಿ ಕೊಟ್ಟೆ. ಕಣ್ಣು ಮಿಟುಕಿಸದೆ ತಿಂದ.

ಏಪ್ರಿಲ್ 18, ಗುರುವಾರ

ನೂರು. ತಣ್ಣೀರಲ್ಲಿ ಒರೆಸಿದ ಮೇಲೆ ತೊಂಬತ್ತೊಂಬತ್ತು.

ಇವರನ್ನು ನೋಡಲು ಚಳಿಗಾಲದಲ್ಲಿ ಒಂದು ನರಪಿಳ್ಳೆಯೂ ಬರಲಿಲ್ಲ. ಈಗ ದಿನಾ ಬರುತ್ತಿದ್ದಾರೆ. ಎಲ್ಲರಿಗೂ ಮಧ್ಯಾಹ್ನದ ಹೊತ್ತಿಗೇ ನಮ್ಮ ಮೇಲೆ ಕರುಳು ಚುರುಕ್ ಎನ್ನುತ್ತದೆ. ಗೋವಿಂದಯ್ಯ ಇವತ್ತು ಊಟ ಮುಗಿಸಿ ಬಂದು, "ಎಂಗಿದ್ದೋನ್ ಎಂಗಾಗೋದೆ ದೇವರಾಜು" ಎಂದು ಎರಡು ಸಲ ಅಂದು, ಎಸಿಯ ಕೆಳಗೆ ಕುರ್ಚಿ ಎಳೆದುಕೊಂಡು ಗೊರಕೆ ಹೊಡೆದರು. ಎದ್ದು ಹೋಗುವಾಗ ಬಾಗಿಲನ್ನು ಹಾರುಹೊಡೆದು ಹೋದರು. ಒಳಗಿದ್ದ ತಂಪೆಲ್ಲ ಅವರ ಹಿಂದೆಯೇ ಹೋಯಿತು.

"ಇನ್ಮ್ಯಾಕೆ ಮಾತಾಡ್ಸೋಕೆ ಬರೋರು ಬೆಳಗ್ಗೆ ಬರ್ಲಿ" ಎಂದು ಇವರಿಗೆ ಹೇಳಿದೆ. ನಕ್ಕರು. ಬಿದ್ದ ಮೇಲೆ ಮೊದಲ ಸಲ ಇರಬೇಕು.

ಏಪ್ರಿಲ್ 28, ಭಾನುವಾರ

ಭರಣಿ ಮಳೆ ಬಂತು. ಬಂತು ಎಂದರೆ ಆನೆಕಲ್ಲಿನ ಸಮೇತ ಬಂತು. ನಟರಾಜು ಫಿಲ್ಟರ್ ಒಣಗಲು ಹಾಕಿ ಕೂತಿದ್ದ. ನಾನು ಕಾಫಿ ಲೋಟ ಇಟ್ಟು ಒಳಗೆ ಬಂದಿದ್ದೆ. ಪಟಪಟ ಸದ್ದು ಕೇಳಿ ಹೊರಗೆ ನೋಡಿದರೆ, ಕಲ್ಲುಗಳು ಬೆನ್ನಿಗೆ ಬಡಿಯುತ್ತಿದ್ದರೂ ಲೆಕ್ಕಿಸದೆ ಮನೆಗೆ ಓಡಿ, ಗೋಣಿ ತಾಟುಗಳನ್ನೂ ಟಾರ್ಪಾಲನ್ನೂ ತಂದು ಹೊರಗಿನ ಪೆಟ್ಟಿಗೆಗೆ ಹೊದಿಸುತ್ತಿದ್ದ. ಹದವಾದ ಸೊಪ್ಪಿನ ಬೇಲ್ ಕಟ್ಟುತ್ತೇವಲ್ಲ, ಹಾಗೆ ಒಂದು ಸೂಜಿ ತೂರದಂತೆ ಹಗ್ಗ ಸುತ್ತಿ ಬಿಗಿದ. ಮಳೆ ಎಂದರೆ ಮುಚ್ಚು, ನಮಗೆ ಬರುವುದು ಅದೊಂದೇ ಬುದ್ಧಿ. ನಾನೂ ಒಳ್ಳೆಯದಾಯಿತು ಎಂದೇ ಅಂದುಕೊಂಡೆ. ತಣ್ಣಗಿದೆ. ಕರೆಂಟ್ ಹೋಗಿದೆ. ತೊಂಬತ್ತೆಂಟು.

ಏಪ್ರಿಲ್ 30, ಮಂಗಳವಾರ

ನಿನ್ನೆ ಬರೆಯಲು ಆಗಲಿಲ್ಲ.

ನಿನ್ನೆ ಹೊತ್ತು ಏರಿದ ಮೇಲೆ ಕರೆಂಟ್ ಬಂತು. ಮಳೆ ಬಂದು ಹೋದ ಮಾರನೆಯ ದಿನದ ಬಿಸಿಲು, ಕೇಳಬೇಕೆ. ಎಸಿ ಹಾಕಿದೆ. ಮೊದಲು ತಂಪಾಗಿಯೇ ಬಂತು. ಆಮೇಲೆ ಸುಮ್ಮನೆ ಗಾಳಿ. ಆಮೇಲೆ ಹಿತ್ತಿಲಿನಿಂದ ಸುಟ್ಟ ವಾಸನೆ. ಓಡಿ ಹೋಗಿ ನೋಡಿದರೆ ಪೆಟ್ಟಿಗೆ ಅದೇ ತಾಟು ಟಾರ್ಪಾಲು ಹೊದ್ದುಕೊಂಡು ಕುದಿಯುತ್ತಿದೆ. ಅವನು ಬಿಗಿದಿದ್ದ ಹಗ್ಗ ಬಿಚ್ಚಲು ಬರಲಿಲ್ಲ, ಕುಡುಗೋಲಿನಿಂದ ಕೊಯ್ದೆ. ವಸಂತ್ ಬಂದು ಒಳಗಿನ ಬೋರ್ಡ್ ಸುಟ್ಟಿದೆ, ಮೈಸೂರಿನಿಂದ ಬರಬೇಕು, ಮೂರು ನಾಲ್ಕು ದಿನ ಎಂದ. "ಹೊದ್ಕೆ ತೆಗೀದೆ ಆನ್ ಮಾಡಿದ್ದು ಯಾರು?" ಎಂದು ಕೇಳಿದ. ನಾನು ಬೇಲಿ ಹತ್ತಿರ ಹೋಗಿ ನಟರಾಜುವನ್ನು ಬಾಯಿಗೆ ಬಂದ ಹಾಗೆ ಬೈದೆ. ಅಣ್ಣನನ್ನು ಬೀಳಿಸಿದ್ದು ಸಾಲದೆ ಈಗ ಬೇಯಿಸಿ ಕೊಲ್ಲುತ್ತೀಯಾ ಎಂದೆ. ತಲೆ ಬಗ್ಗಿಸಿ ನಿಂತಿದ್ದ.

ನೂರೊಂದು. ನೂರೆರಡು. ಒದ್ದೆ ಬಟ್ಟೆ ಹಾಕಿದರೆ ಬಟ್ಟೆಯೇ ಬಿಸಿಯಾಗುತ್ತಿತ್ತು. ಫೋನಿನಲ್ಲಿ ಡಾಕ್ಟರು ಹೇಗಾದರೂ ಮಾಡಿ ತಣ್ಣಗಿನ ಜಾಗಕ್ಕೆ ಸೇರಿಸಿ ಎಂದರು. ಎಲ್ಲಿದೆ ತಣ್ಣಗಿನ ಜಾಗ? ನಮ್ಮದು ಶೀಟಿನ ಮನೆ. ಆಂಬುಲೆನ್ಸ್ ಹುಣಸೂರಿನಿಂದ ಬರಬೇಕಿತ್ತು. ಇವರ ಕಣ್ಣು ಮೇಲಕ್ಕೆ ಸಿಕ್ಕುತ್ತಿತ್ತು, ನಾಲಿಗೆ ತೊದಲುತ್ತಿತ್ತು. ಆ ತೊದಲಿನಲ್ಲೇ, "ಬ್ಯಾರನ್ಗೆ... ನಟ್ರಾಜುನ್ ಬ್ಯಾರನ್ಗೆ ಒತ್ಕೊಂಡೋಗಿ" ಎಂದರು.

ಆ ಬ್ಯಾರನ್ನಿನ ಹೊಸ್ತಿಲು ತುಳಿಯುವುದಿಲ್ಲ ಎಂದು ನಾನು ಬೆಟ್ಟದ ಮಲ್ಲಿಕಾರ್ಜುನನಿಗೆ ಕೈಮುಗಿದು ಆಣೆ ಇಟ್ಟವಳು. ಆದರೆ ಮಂಚದ ಒಂದು ತುದಿಗೆ ನಟರಾಜು ಕೈ ಹಾಕಿದ್ದ, ಇನ್ನೊಂದು ತುದಿಗೆ ಯಾರೂ ಇರಲಿಲ್ಲ.

ಒಳಗೆ ಕತ್ತಲು, ಹಳೇ ಹೊಗೆಯ ವಾಸನೆ. ಮೊಳಕ್ಕೂ ಮೀರಿದ ದಪ್ಪದ ಮಣ್ಣಿನ ಗೋಡೆ, ಬಿಸಿಲು ಒಳಗೆ ಬಂದೇ ಇರಲಿಲ್ಲ. ಕೆಳಗಿನ ಕಿಂಡಿ ತೆಗಿ, ಮೇಲಿನ ಕಿಂಡಿ ಎತ್ತು, ನೆಲಕ್ಕೆ ನೀರು ಹುಯ್ಯಿ ಎಂದು ಇವರೇ ಹೇಳುತ್ತಾ ಹೋದರು. ಗರಿಗರಿ ಒಣಗಿದ ಸೊಪ್ಪನ್ನು ಮೆತ್ತಗೆ ಮಾಡಲು ಹಾಗೆಯೇ ಮಾಡುವುದು. ಸ್ವಲ್ಪ ಹೊತ್ತಿಗೆ ಒದ್ದೆ ನೆಲದಿಂದ ಗಾಳಿ ಎದ್ದು ಮೇಲಿನ ಕಿಂಡಿಗೆ ಸುಯ್ಯೆಂದು ಏರತೊಡಗಿತು. ನಾನು ಒರೆಸುತ್ತಲೇ ಇದ್ದೆ. ನಟರಾಜು ಕೊಡದ ಮೇಲೆ ಕೊಡ ಹೊತ್ತ. ನೂರೊಂದು. ನೂರು. ಬಿಸಿಲು ಇಳಿಯುವ ಹೊತ್ತಿಗೆ ತೊಂಬತ್ತೊಂಬತ್ತು.

ಆಗ ಅತ್ತುಬಿಟ್ಟೆ. ಸೆಪ್ಟೆಂಬರಿನಿಂದ ಅತ್ತಿರಲಿಲ್ಲ.

ಮೇ 1, ಬುಧವಾರ

ಇನ್ನೂ ಬ್ಯಾರನ್ನಿನಲ್ಲೇ ಇದ್ದೇವೆ. ತೊಂಬತ್ತೆಂಟು.

ಮಧ್ಯಾಹ್ನ ನಟರಾಜು ನೀರಿಗೆ ಹೋಗಿದ್ದ. ಇವರು ಅಂಗಾತ ಮಲಗಿ ಮೇಲೆ ನೋಡುತ್ತಿದ್ದರು. ನಾನೂ ನೋಡಿದೆ. ಮೇಲಿನ ಅಂತಸ್ತಿನಲ್ಲಿ ಒಂದೇ ಒಂದು ಗಳ ಬೆಳ್ಳಗೆ ಹೊಸದು. ಮುರಿದದ್ದರ ಜಾಗಕ್ಕೆ ಹಾಕಿದ್ದು. ಉಳಿದವೆಲ್ಲ ಹೊಗೆ ಕುಡಿದು ಕರ್ರಗಾದವು.

"ಒಬ್ರು ಬಿದ್ರೂ ಬುದ್ಧಿ ಬಂದಿಲ್ಲ ನೋಡಿ. ಇನ್ನೂ ಅವೇ ಗಳ" ಎಂದೆ.

"ಅವನ್ತಾವ ಗಳ ಎಲ್ಲವೆ? ಅವನ ಗಳನೆಲ್ಲಾ ನಾನೇ ತಂದ್ನಲ್ಲ" ಎಂದರು.

ನನಗೆ ತಿಳಿಯಲಿಲ್ಲ. ಕೇಳಿದೆ. ಕಣ್ಣನ್ನು ಕೆಳಗಿಳಿಸದೆ ಹೇಳಿದರು.

"ಸರ್ವೆ ಮರ ಅವನ ಬದಿಂದು. ತನ್ನ ಬ್ಯಾರನ್ಗೆ ಅಂತ ಕಡ್ಸಿದ್ದ. ದೊಡ್ಡೋನು ನಾನು, ಮೊದ್ಲು ನಂದಾಗ್ಲಿ, ನಿಂದು ಮುಂದಿನ ವರ್ಸ ನೋಡಾನ ಅಂತ ಗಾಡಿಗಾಕ್ಕೊಂಡು ಬಂದೆ. ನಮ್ ಬ್ಯಾರನ್ನಿಂದ ಬಿಚ್ಚಿದ್ ಹಳೇವ್ನ ತಂದು ಇಲ್ಲಿ ಕಟ್ದೆ. ನಾನೇ ಕಟ್ಟಿದ್ದು ಕಣೆ, ಈ ಕೈಲಿ. ಅವತ್ತು ಮ್ಯಾಕೆ ಅತ್ತೋಕೆ ಮುಂಚೆ ಅವನು ಅಂದ, ಅಣ್ಣ, ಆ ಗಳ ಗೆದ್ಲಿಡ್ದದೆ, ಮೆಟ್ಬ್ಯಾಡ ಅಂತ. ನಂಗೇ ಯೋಳಕ್ ಬತ್ತೀಯೇನ್ಲಾ ಅಂದು ಮೆಟ್ದೆ."

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನೆಲಕ್ಕೆ ಬಿಸಾಡಿದೆ.

"ಇಷ್ಟು ದಿನ ಯಾಕೆ ಹೇಳಲಿಲ್ಲ? ನಾನು ಊರ ಮುಂದೆಲ್ಲ ಅವನ ಮಾನ ತೆಗೆದೆನಲ್ಲ, ಕೇಳ್ತಾ ಮಲಗಿದ್ರಲ್ಲಾ!"

"ಯೋಳಿದ್ರೆ ನೀನು ನನ್ನ ನೋಡ್ಕೊತಿದ್ಯಾ?" ಎಂದರು.

ಮೇ 2, ಗುರುವಾರ

ತೊಂಬತ್ತೆಂಟು.

ಮೇ 4, ಶನಿವಾರ

ಬೋರ್ಡ್ ಬಂತು. ವಸಂತ್ ಹಾಕಿಕೊಟ್ಟ. ದೇವರಾಜುವನ್ನು ಮನೆಗೆ ಹೊತ್ತುಕೊಂಡು ಬಂದೆವು. ಕೋಣೆ ಇಪ್ಪತ್ತಾರು. ಮೈ ತೊಂಬತ್ತೆಂಟು.

ಹಿತ್ತಿಲಿನಲ್ಲಿ ಚಪ್ಪರದ ಕೆಳಗೆ ನಟರಾಜು ಹಗ್ಗದ ಚೂರುಗಳನ್ನು ಆಯುತ್ತಿದ್ದ. ಗಳ ಹಿಡಿದು ನಿಂತು, "ಇವು ನಿನ್ನವಂತಲ್ಲ" ಎಂದೆ. ಅವನ ಮುಖ ಬಿಳುಚಿಕೊಂಡಿತು.

"ಅಣ್ಣ ಯೋಳ್ಬುಟ್ನಾ?"

"ಯಾಕೋ ಸುಮ್ನಿದ್ದೆ? ಊರು ನಿನ್ನ ಬ್ಯಾರನ್ ಹತ್ರ ಸುಳೀಲಿಲ್ಲ. ಸೊಪ್ಪು ಕೊಳೆದೋಯ್ತು. ಬಾಯಿ ಇರ್ಲಿಲ್ವಾ ನಿಂಗೆ?"

"ನೀವು ಬೈದ್ರೆ ನಾನು ನಮ್ಮನೆಗೋಗಿ ಬಾಗ್ಲಾಕ್ಕೊತೀನಿ ಅತ್ಗೆ. ಅವನು ಎಲ್ಲಿಗೋದಾನು?" ಎಂದು, ಹಗ್ಗದ ಚೂರುಗಳನ್ನು ಜೇಬಿಗೆ ತುಂಬಿಕೊಂಡು ಹೊರಟುಹೋದ.

ಇಬ್ಬರೂ ಸೇರಿ ನನ್ನನ್ನು ಏನೆಂದುಕೊಂಡಿದ್ದಾರೆ? ಒಬ್ಬ ಹೆದರಿ ಮುಚ್ಚಿಟ್ಟ, ಇನ್ನೊಬ್ಬ ಕನಿಕರಪಟ್ಟು ಮುಚ್ಚಿಟ್ಟ. ಇಪ್ಪತ್ತೇಳು ವರ್ಷ ಈ ಮನೆಯಲ್ಲಿ ಬೇಯಿಸಿ ಬಡಿಸಿದವಳ ಮೇಲೆ ಇಬ್ಬರಿಗೂ ಇಷ್ಟೇ ನಂಬಿಕೆ. ಊರಿನ ಮುಂದೆ ಬಾಯಿಬಡುಕಿಯಾದವಳು ನಾನು.

ಮೇ 7, ಮಂಗಳವಾರ

ತೊಂಬತ್ತೆಂಟು. ಮಗ್ಗುಲು ಬದಲಾಯಿಸುವಾಗ ಕೈ ಸ್ವಲ್ಪ ಒರಟಾಯಿತು. ಅಯ್ಯೋ ಎಂದರು. ನೋವು ತಿಳಿಯದ ಜಾಗ ಅದು. ಸುಮ್ಮನೆ ಅಂದದ್ದು.

ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಪುಟ್ಟಸಿದ್ದಮ್ಮನಿಗೆ ನಿಜ ಹೇಳಿದೆ. ಅವಳು ನನ್ನನ್ನೇ ನೋಡಿ, "ನೀನೇ ಅಲ್ವಾ ಅವನು ಬೀಳ್ಸ್ದ ಅಂತಿದ್ದೋಳು?" ಎಂದಳು. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ನಾನೇ ಎಂದೆ. ಸುಳ್ಳು ಒಂದು ದಿನದಲ್ಲಿ ಊರೆಲ್ಲ ಹರಡಿತ್ತು, ನಿಜವನ್ನು ಮನೆಮನೆಗೆ ನಾನೇ ಹೊರಬೇಕು. ಜುಲೈನಲ್ಲಿ ನಟರಾಜು ಬ್ಯಾರನ್ ತುಂಬುವಾಗ ಸೊಪ್ಪು ಕಟ್ಟಲು ಯಾರೂ ಬಾರದಿದ್ದರೂ ನಾನಾದರೂ ಹೋಗಿ ಕೂರಬೇಕು.

ಮೇ 11, ಶನಿವಾರ

ಇದನ್ನು ಬರೆಯಬಾರದು. ಬರೆಯುತ್ತೇನೆ.

ಮಧ್ಯಾಹ್ನ ಊಟ ಮಾಡಿಸಿ, ರಿಮೋಟ್ ತೆಗೆದುಕೊಂಡು ಎಸಿ ಆರಿಸಿದೆ. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಸದ್ದು ನಿಂತದ್ದು ಅವರಿಗೂ ಗೊತ್ತಾಯಿತು. ರಿಮೋಟನ್ನು ನೋಡಿದರು, ನನ್ನನ್ನು ನೋಡಿದರು. ಹಾಕು ಎನ್ನಲಿಲ್ಲ. ಶೀಟಿನ ಕಾವು ಇಳಿಯುತ್ತಾ ಬಂತು. ನನ್ನ ಕುತ್ತಿಗೆಯಿಂದ ಬೆವರು ಇಳಿದು ರವಿಕೆ ಒದ್ದೆಯಾಯಿತು. ಅವರ ಎದೆಯ ಮೇಲೆ ಅಂಗೈ ಇಟ್ಟೆ, ಬ್ಯಾರನ್ ಬಾಗಿಲ ಮೇಲೆ ಅವರು ಇಡುತ್ತಿದ್ದ ಹಾಗೆ. ಒಣಗಿತ್ತು. ಒಂದು ಹನಿ ಇಲ್ಲ. ಬಿಸಿ ಏರುತ್ತಿರುವುದು ಕೈಗೆ ತಿಳಿಯುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡರು. ನನ್ನ ಗಂಡ ನನ್ನಿಂದ ಇದನ್ನು ನಿರೀಕ್ಷಿಸಿದ್ದ ಎಂದು ಆ ಮುಖ ನೋಡಿದಾಗ ಗೊತ್ತಾಯಿತು.

ಎಸಿ ಹಾಕಿದೆ. ಇಪ್ಪತ್ತಾರು.

"ಕೇಳಿದ್ರಲ್ಲ ಅವತ್ತು, ನೋಡ್ಕೊತಿದ್ಯಾ ಅಂತ. ನೋಡ್ಕೊತಿದ್ದೆ ಕಣ್ರೀ. ದಿನಾ ಬೈಕೊಂಡು ನೋಡ್ಕೊತಿದ್ದೆ. ಬೈಯೋಕೆ ಬಿಡ್ಲಿಲ್ಲ ನೀವು ನನ್ನ" ಎಂದೆ.

ಗೋಡೆ ಕಡೆ ತಿರುಗಿದರು.

ಒದ್ದೆ ಬಟ್ಟೆ ತಂದು ಒರೆಸಿದೆ. ತೊಂಬತ್ತೊಂಬತ್ತು, ಆಮೇಲೆ ತೊಂಬತ್ತೆಂಟು. ನಾಳೆ ಭಾನುವಾರ, ನಟರಾಜು ಬರುತ್ತಾನೆ. ಫಿಲ್ಟರನ್ನು ಬಿಚ್ಚಿಡುವುದಿಲ್ಲ, ಒಳಗೆ ಬಂದು ಅವನೇ ಬಿಚ್ಚಿಕೊಳ್ಳಲಿ. ಸಂಜೆ ಮಂಚವನ್ನು ಒಬ್ಬಳೇ ಎಳೆದು ಕೋಣೆಯ ನಡುವೆ ಹಾಕಿದ್ದೇನೆ. ಇನ್ನು ಯಾವ ಕಡೆ ತಿರುಗಿದರೂ ಹತ್ತಿರದಲ್ಲಿ ಗೋಡೆ ಇಲ್ಲ.